ಸೀನು, ನಿದ್ದೆ ಮತ್ತು ಸುಜಾತಳ ಡ್ರೈವಿಂಗ್

ಸೀನುವುದಕ್ಕಿಂತ ಕಷ್ಟದ್ದು ಸೀನಿಗಾಗಿ ಕಾಯುವುದು. ಬಾಯಿ ಅರ್ಧ ತೆರೆದು, ಕಣ್ಣು ಮುಕ್ಕಾಲು ಮುಚ್ಚಿ, ಎದುರಿಗಿದ್ದವರನ್ನು ಕೈಸನ್ನೆಯಿಂದ ತಡೆದು ನಿಂತವನ ಮುಖದಲ್ಲಿ ಎಷ್ಟು ಓದಿದ್ದರೂ ವಿದ್ಯೆಯ ಕಳೆ ಇರುವುದಿಲ್ಲ. ಕಾರ್ಕಳದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವ ನಾನು, ಮಳೆ ನಿಂತು ರಸ್ತೆಯ ಧೂಳೇಳುವ ಕಾಲಕ್ಕೆ ಸರಿಯಾಗಿ ಈ ಭಂಗಿಗೆ ಬರುತ್ತೇನೆ. ಒಂದು ರಾಜವಂಶ ಪಟ್ಟಕ್ಕೇರಿ ಪತನವಾಗುವವರೆಗೂ ನನ್ನ ಸೀನು ಮುಗಿಯುವುದಿಲ್ಲ.

ಈ ವರ್ಷ ಮೊದಲು ನುಂಗಿದ್ದು ಮನೆಯಲ್ಲಿದ್ದ ಹಳೆಯ ಕಾಲದ ಪುಟ್ಟ ಮಾತ್ರೆ. ಅದರ ಕೆಲಸಕ್ಕೆ ಹೆಸರಿಡುವಂತಿಲ್ಲ. ಸೀನು ನಿಂತಿತು, ಮೂಗು ಸೋರುವುದು ನಿಂತಿತು, ಅವುಗಳ ಜೊತೆಗೆ ನನ್ನ ಪ್ರಜ್ಞೆಯೂ ನಿಂತಿತು. ಸಿಬ್ಬಂದಿ ಸಭೆಯಲ್ಲಿ ಪ್ರಾಂಶುಪಾಲರು ನನ್ನ ಅಭಿಪ್ರಾಯ ಕೇಳಿದಾಗ ನಾನು ಬಸ್ಸಿನಲ್ಲಿ ನಿದ್ದೆಯಿಂದೆದ್ದವನಂತೆ "ಪಡುಬಿದ್ರಿ ಬಂತಾ?" ಎಂದೆನಂತೆ. ಮರುದಿನವೇ ಮೆಡಿಕಲ್ ಅಂಗಡಿಯಿಂದ ಇನ್ನೊಂದು ಮಾತ್ರೆ ತಂದೆ. "ಇದಕ್ಕೆ ನಿದ್ದೆ ಬರುವುದಿಲ್ಲ ಸರ್," ಎಂದರು ಅಂಗಡಿಯವರು. ನಿಜಕ್ಕೂ ಬರಲಿಲ್ಲ. ಸೀನು ಬಿಟ್ಟರಲ್ಲವೇ ನಿದ್ದೆ ಬರುವುದು!

ಅಷ್ಟರಲ್ಲಿ ಕಾಪುವಿನಲ್ಲಿ ತಂಗಿಯ ಹೊಸ ಮನೆಯ ಗೃಹಪ್ರವೇಶ ಬಂತು. ಹೊಸಿಲು ದಾಟುವ ಹೊತ್ತಿಗೆ ಅಣ್ಣನೇ ಸೀನಿದರೆ, ಮುಂದೆ ಆ ಮನೆಯ ಬಾವಿ ಬತ್ತಿದರೂ ನೆಂಟರು ನನ್ನ ಮೂಗನ್ನೇ ನೋಡುತ್ತಾರೆ. ಹೀಗಾಗಿ ಬೆಳಿಗ್ಗೆಯೇ ಹಳೆಯ ಮಾತ್ರೆ ನುಂಗಿದೆ. ನುಂಗಿದ ಮೇಲೆ ಹೊಳೆಯಿತು: ಈ ಅವಸ್ಥೆಯಲ್ಲಿ ಕಾರು ಓಡಿಸುವಂತಿಲ್ಲ.

"ಕೀ ಕೊಡಿ," ಎಂದಳು ಹೆಂಡತಿ ಸುಜಾತ.

ಸುಜಾತಳಿಗೆ ಲೈಸೆನ್ಸ್ ಸಿಕ್ಕಿ ಬಹಳ ಕಾಲವಾಗಿತ್ತು. ಆದರೆ ಅವಳು ಸ್ಟೀರಿಂಗ್ ಮುಟ್ಟಿದಾಗಲೆಲ್ಲ ನಾನು ಪಕ್ಕದಲ್ಲಿ ಕುಳಿತು "ಬ್ರೇಕ್! ಹಾರ್ನ್! ದನ!" ಎಂದು ಕೂಗಿ, ಇಲ್ಲದ ಬ್ರೇಕನ್ನು ಒತ್ತುತ್ತಿದ್ದೆ. "ನೀವೇ ಓಡಿಸಿ ಮಾರಾಯ್ರೆ, ನನಗೆ ಬೇಡ," ಎಂದು ಅವಳು ಇಳಿದುಬಿಟ್ಟಿದ್ದಳು. ಈಗ ದೇವರ ಮೇಲೆ ಭಾರ ಹಾಕಿ ಬೆಲ್ಟ್ ಬಿಗಿದುಕೊಂಡೆ. ಊರ ಗಡಿ ದಾಟುವ ಮೊದಲೇ ನಿದ್ದೆ ಹತ್ತಿತು.

ಎಚ್ಚರವಾದಾಗ ಕಾಪು. ತಂಗಿಯ ಕಂಪೌಂಡಿಗೂ ಅಡುಗೆಯವರ ಟೆಂಪೋಗೂ ನಡುವಿನ ಇಕ್ಕಟ್ಟಿನಲ್ಲಿ, ತೆಂಗಿನ ನೆರಳಿಗೆ, ಕಾರು ನೆಟ್ಟಗೆ ನಿಂತಿತ್ತು. ನಾನಾದರೆ ಅಲ್ಲಿ ಸೈಕಲ್ ನಿಲ್ಲಿಸಲೂ ಎರಡು ಸಲ ಯೋಚಿಸುತ್ತಿದ್ದೆ.

"ದಾರಿಯಲ್ಲಿ ಏನೂ ಆಗಲಿಲ್ವಾ?" ಎಂದೆ.

"ಎಂತ ಆಗ್ಲಿಕ್ಕೆ ಉಂಟು? ನೀವು ಮಲಗಿದ್ರಲ್ಲ," ಎಂದಳು.

ಹೊಸಿಲು ಸೀನಿಲ್ಲದೆ ದಾಟಿದೆ. ಪೂಜೆಗೆ ಮಾತ್ರ ಕಂಬಕ್ಕೊರಗಿ ಗೊರಕೆ ಹೊಡೆದೆ. ವಾರ ಕಳೆದು ತಂಗಿ ಫೋನು ಮಾಡಿ, "ಅಣ್ಣ, ವೀಡಿಯೋದಲ್ಲಿ ಭಟ್ರ ಮಂತ್ರಕ್ಕಿಂತ ನಿನ್ನದೇ ಜೋರು ಉಂಟು," ಎಂದಾಗ ಸುಜಾತ, ಹಳೆಯ ಮಾತ್ರೆಯಲ್ಲೇ ತೂಕಡಿಸುತ್ತಿದ್ದ ನನ್ನನ್ನು ಕಾರಿಗೆ ಹಾಕಿಕೊಂಡು ಮಣಿಪಾಲದ ಡಾಕ್ಟರ ಬಳಿಗೆ ಒಯ್ದಳು.

ಡಾಕ್ಟರ್ ಎಲ್ಲವನ್ನೂ ನಗದೆ ಕೇಳಿದರು, ಅದೇ ದೊಡ್ಡ ಉಪಕಾರ. "ಒಬ್ಬೊಬ್ಬರಿಗೆ ಒಂದೊಂದು ಮಾತ್ರೆ ಹಿಡಿಯುತ್ತದೆ. ಎರಡನ್ನೂ ಒಟ್ಟಿಗೆ ನುಂಗಿ ಪರೀಕ್ಷೆ ಮಾಡಬೇಡಿ," ಎಂದು ಬೇರೆಯೇ ಒಂದು ಮಾತ್ರೆಯನ್ನೂ ಮೂಗಿಗೆ ಒಂದು ಸ್ಪ್ರೇಯನ್ನೂ ಬರೆದುಕೊಟ್ಟರು.

ಕೆಲವೇ ದಿನಗಳಲ್ಲಿ ಮೂಗು ಮೂಗಾಯಿತು. ಸೀನಿಲ್ಲ, ತೂಕಡಿಕೆಯಿಲ್ಲ. ಇಷ್ಟು ಹಗುರಾದ ತಲೆ ನನ್ನದೇ ಹೌದೇ ಎಂದು ಮುಟ್ಟಿ ನೋಡಿಕೊಂಡೆ. ಮತ್ತೆ ಡಾಕ್ಟರಿಗೆ ತೋರಿಸಲು ಹೊರಟಾಗಲೂ ಸುಜಾತಳೇ ಕೀ ತೆಗೆದುಕೊಂಡಳು. ಅವಳು ಓಡಿಸುವುದನ್ನು ಕಣ್ಣುಬಿಟ್ಟು ನೋಡಿದ್ದು ಅವತ್ತೇ. ಲಾರಿಗೆ ದಾರಿ ಕೊಟ್ಟಳು, ಬಸ್ಸಿನ ಹಿಂದೆ ತಾಳ್ಮೆಯಿಂದ ನಿಂತಳು, ತಿರುವಿನಲ್ಲಿ ನಾನು ಇಲ್ಲದ ಬ್ರೇಕ್ ಒತ್ತುವ ಮೊದಲೇ ವೇಗ ತಗ್ಗಿಸಿದಳು. ನನಗೆ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ.

"ನಿದ್ದೆ ಬಂತಾ?"

"ಇಲ್ಲ."

"ಮತ್ತೆ ಯಾಕೆ ಮಾತಿಲ್ಲ?"

ಉತ್ತರ ಗೊತ್ತಿತ್ತು, ಹೇಳುವಷ್ಟು ದೊಡ್ಡತನ ಇರಲಿಲ್ಲ.

ಡಾಕ್ಟರ್ ಪರೀಕ್ಷಿಸಿ ಸಂತೋಷಪಟ್ಟರು. ಏಳುವ ಹೊತ್ತಿಗೆ ಸುಜಾತ ಕೇಳಿದಳು: "ಡಾಕ್ಟ್ರೇ, ಈ ಮಾತ್ರೆಗೆ ಮಾತು ಕಡಿಮೆಯಾಗುವುದುಂಟಾ?"

ಅವರು ಗಾಬರಿಯಾದರು. "ಹಾಗೇನೂ ಇಲ್ಲ. ಯಾಕೆ, ತೊಂದರೆ ಆಯ್ತಾ?"

"ತೊಂದರೆ ಅಲ್ಲ. ಇನ್ನೊಂದು ತಿಂಗಳಿಗೆ ಬರೀತೀರಾ ಅಂತ."

ನಾನು ಏನೋ ಹೇಳಲು ಬಾಯಿ ತೆರೆದೆ. ಕಾರ್ಕಳಕ್ಕೆ ವಾಪಸು ಕರೆದೊಯ್ಯಬೇಕಾದವಳು ಅವಳೇ ಎಂಬುದು ನೆನಪಾಗಿ ಮುಚ್ಚಿಕೊಂಡೆ.