ಬಫೂನನ ಅಂಗೈ, ಮೀನಾಳ ನೆತ್ತಿ

“ಬರುವ ಬೇಸಿಗೆಯೊಳಗೆ ನಮ್ಮ ಮೀನಾಳನ್ನು ಎರಡು ಬೆರಳು ಎತ್ತರ ಬೆಳೆಸದಿದ್ದರೆ ನಾನು ನಿಜಗುಣಪ್ಪನೇ ಅಲ್ಲ!”

ಈ ಘೋರ ಶಪಥವನ್ನು ನಾನು ಮಾಡಿದ್ದು ರಣರಂಗದಲ್ಲಲ್ಲ. ಬೆಂಗಳೂರಿನಾಚೆಯ ಒಂದು ಥೀಮ್ ಪಾರ್ಕಿನಲ್ಲಿ, ಸಿಮೆಂಟಿನ ಬಫೂನನೊಬ್ಬನ ಎದುರು ನಿಂತು. ಇಸವಿ ಎರಡು ಸಾವಿರದ ಮೂರು. ನನ್ನ ಹೆಗಲ ಮೇಲೆ ನಮ್ಮ ಅಂಗಡಿಯದೇ ಹೊಚ್ಚ ಹೊಸ ಟವೆಲ್ಲು. ಪಕ್ಕದಲ್ಲಿ ಹೆಂಡತಿ ಶೈಲಜಾ. ಕಾಲಬುಡದಲ್ಲಿ ನೆಲಕ್ಕೆ ಕೂತು ಅಳುತ್ತಿದ್ದ ಮಗಳು ಮೀನಾ.

ನಮ್ಮ ಮನೆತನದ ಹುಚ್ಚನ್ನು ಮೊದಲು ಹೇಳಿಬಿಡುತ್ತೇನೆ. ಬೈಲಹೊಂಗಲದ ಪೇಟೆಯಲ್ಲಿ ನಮ್ಮದು ಅರಿವೆ ಅಂಗಡಿ. ಬೇಸಿಗೆ ಬಂತೆಂದರೆ ಊರ ಮಂದಿ ಬುತ್ತಿ ಕಟ್ಟಿಕೊಂಡು ಗೋಕಾಕಕ್ಕೋ ನವಿಲುತೀರ್ಥಕ್ಕೋ ಹೊರಟರೆ, ನಾವು ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಥೀಮ್ ಪಾರ್ಕಿಗೆ! ಅಲ್ಲಿ ಮುಂಗೈಗೆ ಕಟ್ಟುವ ಕಾಗದದ ಪಟ್ಟಿಗಳನ್ನು ಬಿಚ್ಚಿ ಬಿಸಾಕುವ ಪಾಪ ನಮ್ಮ ಮನೆಯಲ್ಲಿ ಯಾರೂ ಮಾಡಿಲ್ಲ. ಅವೆಲ್ಲ ಶೋಕೇಸಿನಲ್ಲಿ ನಮ್ಮ ಮದುವೆ ಫೋಟೋದ ಪಕ್ಕದಲ್ಲಿ, ಫೋಟೋಕ್ಕಿಂತ ಹೆಚ್ಚು ಮರ್ಯಾದೆಯಿಂದ ಕೂತಿವೆ. ಮುನವಳ್ಳಿಯಲ್ಲಿರುವ ಶೈಲಜಾಳ ತವರಿಗೆ ಹೋಗುವಾಗ ಬಸ್ಸು ಗುಂಡಿ ಹಾರಿದರೆ ಉಳಿದವರು ಡ್ರೈವರನನ್ನು ಬೈಯುತ್ತಾರೆ, ಮೀನಾ ಎರಡೂ ಕೈ ಮೇಲೆತ್ತಿ “ಇನ್ನೊಮ್ಮೆ!” ಎನ್ನುತ್ತಾಳೆ. ನನ್ನ ತಾಯಿ ತಂಗೆವ್ವನಂತೂ ಪಾರ್ಕಿನ ಅಲೆಗಳ ಕೊಳದಲ್ಲಿ ಇಳಕಲ್ಲ ಸೀರೆಯಲ್ಲೇ ಸೊಂಟದ ತನಕ ನಿಂತು, “ಉಪ್ಪಿಲ್ಲದ ಸಮುದ್ರ ಮಾಡ್ಯಾರಲ್ಲೋ, ಭಾಳ ಶಾಣ್ಯಾರದಾರ!” ಎಂದು ಪ್ರಮಾಣಪತ್ರ ಕೊಟ್ಟವಳು.

ಆ ವರ್ಷ ಪಾರ್ಕಿನವರು ಹೊಸ ಆಟವೊಂದನ್ನು ತೆರೆದಿದ್ದರು. ಕಟ್ಟಿದ ಗುಡ್ಡದ ನೆತ್ತಿಯಿಂದ ದೋಣಿಯೊಂದು ಜಾರಿ ಕೆಳಗಿನ ನೀರಿಗೆ ಧೊಪ್ಪೆಂದು ಬೀಳುವ ಆಟ. ಬಾಗಿಲಲ್ಲಿ ಆ ಬಫೂನ, ಅಂಗೈಯನ್ನು ಅಡ್ಡ ಚಾಚಿಕೊಂಡು ಹಲ್ಲು ಕಿರಿಯುತ್ತಿದ್ದ. ಅವನ ಅಂಗೈಗೆ ನೆತ್ತಿ ತಾಗಿದ ಮಕ್ಕಳಿಗೆ ಮಾತ್ರ ಪ್ರವೇಶ. ಮೀನಾ ನೆಟ್ಟಗೆ ನಿಂತಳು. ಉಸಿರು ಬಿಗಿಹಿಡಿದಳು. ಕಾವಲುಗಾರ ಅಂಗೈಗೂ ನೆತ್ತಿಗೂ ನಡುವೆ ಎರಡು ಬೆರಳು ತೂರಿಸಿ ತೋರಿಸಿದ.

“ಆಗಲ್ಲ ಸಾರ್. ಮುಂದಿನ ವರ್ಷ ಕರ್ಕೊಂಡ್ ಬನ್ನಿ.”

ನಾನೊಬ್ಬನೇ ಹೋಗಿಬರಲೇ ಎಂದರೆ ಮೀನಾ ನನ್ನ ಪ್ಯಾಂಟು ಹಿಡಿದುಕೊಂಡಳು. “ಬ್ಯಾಡಪಾ! ನೀ ಒಬ್ಬನ ಹೋಗಬ್ಯಾಡ. ಬರೂ ವರ್ಷ ಇಬ್ರೂ ಕೂಡೇ ಹೋಗೂಣು. ನನ್ನ ಆಣಿ!”

ಇಂಥ ಆಣೆಗೆ ಯಾವ ತಂದೆ ಕರಗುವುದಿಲ್ಲ? ಆಗ ಮಾಡಿದ್ದೇ ಆ ಶಪಥ. ಶಪಥದ ಬೆನ್ನಿಗೇ ನಾನು ಹೆಗಲ ಟವೆಲ್ಲಿನ ಒಂದು ತುದಿಯನ್ನು ಬಫೂನನ ಬೂಟಿನ ಬುಡಕ್ಕೆ ಒತ್ತಿ ಹಿಡಿದು, ಬಿಗಿಯಾಗಿ ಎಳೆದು, ಅಂಗೈ ಬರುವಲ್ಲಿ ಒಂದು ಗಂಟು ಹಾಕಿದೆ.

“ಏನ್ ಮಾಡಾಕ ಹತ್ತೀರಿ? ಮಂದಿ ನೋಡಾಕತ್ತಾರ!” ಶೈಲಜಾ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದಳು.

“ಅಳತಿ ತಗೋಳಾಕತ್ತೇನಿ. ಮನ್ಯಾಗ ಬಾಗಿಲಕ್ಕ ಗೆರಿ ಹೊಡಿತೇನಿ.”

“ಎಷ್ಟ್ ಫೂಟು ಅಂತ ಆ ಕಾವಲುಗಾರನ್ನ ಕೇಳಿದ್ರ ಆತಲ್ರಿ?”

“ಮೂರು ತಲಿಯಿಂದ ಅರಿವಿ ಅಳಿಯೂ ಮನೆತನ ನಮ್ದು. ಅಳತೀನ್ನ ನಾ ಕಂಡವರನ್ನ ಕೇಳಬೇಕೇನು?”

ಶೈಲಜಾ ಸುಮ್ಮನಾದಳೆಂದರೆ ನಾನು ಗೆದ್ದೆ ಎಂದು ತಿಳಿದುಕೊಳ್ಳುವ ಅಭ್ಯಾಸ ನನಗೆ ಆಗಲೇ ಇತ್ತು.

ಊರಿಗೆ ಬಂದ ಮೇಲೆ ಎಲ್ಲ ಬಟ್ಟೆಗಳ ಜೊತೆ ಟವೆಲ್ಲನ್ನೂ ಕುದಿಯುವ ನೀರಿನಲ್ಲಿ ಅದ್ದಿ, ಸೋಡಾ ಹಾಕಿ ಒಗೆದದ್ದಾಯಿತು. ಗಂಟನ್ನು ಮಾತ್ರ ಯಾರೂ ಬಿಚ್ಚಲಿಲ್ಲ. ಒಣಗಿದ ಮೇಲೆ ಶಾಸ್ತ್ರೋಕ್ತವಾಗಿ ಅಡಿಗೆಮನೆಯ ಬಾಗಿಲಿಗೆ ಹಿಡಿದು ಖಡುವಿನಿಂದ, ಅಂದರೆ ಸೀಮೆಸುಣ್ಣದಿಂದ, ಗೆರೆ ಎಳೆದು, ಮೀನಾಳನ್ನು ನಿಲ್ಲಿಸಿದೆ. ಆಶ್ಚರ್ಯ! ಅಲ್ಲಿ ಎರಡು ಬೆರಳು ಕಡಿಮೆ ಇದ್ದವಳು ಇಲ್ಲಿ ಒಂದೇ ಬೆರಳು ಕಡಿಮೆ!

“ನೋಡಿದಿ? ಶಪಥ ಮಾಡಿದ್ದಕ್ಕ ಒಂದು ಬೆರಳು ಬೆಳದ್ಲು! ಇನ್ನ ಉಣಿಸಿ ತಿನಿಸಿ ಮಾಡಿದ್ರ?”

ಉಣಿಸಿ ತಿನಿಸುವ ಯಜ್ಞ ಮರುದಿನವೇ ಶುರುವಾಯಿತು. ಬೆಳಿಗ್ಗೆ ಅಂಟಿನುಂಡಿ, ಮಧ್ಯಾಹ್ನ ಸಜ್ಜೆ ರೊಟ್ಟಿಯ ಮೇಲೆ ಬೆಣ್ಣೆಯ ಗುಡ್ಡ, ಸಂಜೆ ಶೇಂಗಾ ಹೋಳಿಗೆ. ಪಡಸಾಲೆಯ ತೊಲೆಗೆ ಹಗ್ಗ ಕಟ್ಟಿ ಮೀನಾಳನ್ನು ಜೋತುಬಿಡುತ್ತಿದ್ದೆ. ತಂಗೆವ್ವ ಹರಳೆಣ್ಣೆ ಹಚ್ಚಿ ಕಾಲು ಎಳೆಯುತ್ತಿದ್ದಳು. ಮೇಲಿನಿಂದ ಮಗ, ಕೆಳಗಿನಿಂದ ತಾಯಿ! ಎದುರು ಮನೆಯ ಸೋಮವ್ವ ದಿನಾ ಒಂದಲ್ಲ ಒಂದು ನೆಪ ಮಾಡಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು.

“ಅಲ್ರಿ ನಿಜಗುಣಪ್ಪಣ್ಣ, ಹುಡುಗಿಗೆ ವರ ನೋಡಾಕತ್ತೀರೇನು ಈಗಿಂದೀಗ?”

“ಮೂರನೇತ್ತೆ ಓದೂ ಹುಡುಗಿಗೆ ಯಾವ ವರರೀ? ದೋಣಿ ಹತ್ತಿಸಾಕ!”

“ದೋಣಿ ಹತ್ತಾಕ ಉದ್ದ ಯಾಕ್ ಬೇಕ್ರಿ? ಮಲಪ್ರಭಾದಾಗ ಅಂಬಿಗರು ಕುರೀನೂ ಹತ್ತಸ್ತಾರಲ್ಲ?”

ಪ್ರಶ್ನೆ ನ್ಯಾಯವಾದದ್ದೇ. ಆದರೆ ದಸರೆಯ ಹೊತ್ತಿಗೆ ಎಲ್ಲ ಪ್ರಶ್ನೆಗಳಿಗೂ ಮೀನಾಳ ನೆತ್ತಿಯೇ ಉತ್ತರ ಕೊಟ್ಟಿತು. ಖಡುವಿನ ಗೆರೆ ಅವಳ ಕೂದಲ ಹಿಂದೆ ಮುಚ್ಚಿಹೋಯಿತು! ನಾನು ಓಣಿಗೆಲ್ಲ ಪೇಡೆ ಹಂಚಿದೆ. ಬನ್ನಿ ಕೊಡಲು ಬಂದವರನ್ನೆಲ್ಲ ಅಡಿಗೆಮನೆಯ ಬಾಗಿಲಿಗೆ ಕರೆದೊಯ್ದು ದರ್ಶನ ಮಾಡಿಸಿದೆ. ಆ ಉತ್ಸಾಹಕ್ಕೆ ಸೋಮವ್ವನ ಮನೆಯವರೂ ಸೇರಿ ಅರ್ಧ ಓಣಿಯೇ ಬರುವ ಬೇಸಿಗೆಗೆ ನಮ್ಮ ಜೊತೆ ಹೊರಡಲು ನಿಂತಿತು. ಗುರಿ ಮುಟ್ಟಿದ ಮೇಲೆ ಇನ್ನೇಕೆ ದಂಡನೆ? ಅಂದಿಗೇ ಹಗ್ಗ ಬಿಚ್ಚಿದೆ, ಅಂಟಿನುಂಡಿ ಬಂದ್ ಮಾಡಿದೆ.

ನನ್ನ ಅವನತಿ ಹೋಳಿಹುಣ್ಣಿಮೆಯ ಆಸುಪಾಸಿನಲ್ಲಿ, ನನ್ನ ಬಾಯಿಂದಲೇ ಹೊರಬಿತ್ತು. ತೊರಗಲ್ಲಿನ ಅಂದಾನೆಪ್ಪ ಎಂಬ ಗಿರಾಕಿ ಅಂಗಿ ಅರಿವೆಗೆಂದು ಬಂದಿದ್ದ. ಕೈ ಬಿಗಿಹಿಡಿದು ಅಳೆಸುವ ಮನುಷ್ಯ. ನಾನು ಎಂದಿನಂತೆ ನನ್ನ ವ್ಯಾಪಾರದ ಮಂತ್ರ ಪಠಿಸಿದೆ.

“ಯಜಮಾನ್ರ, ಗೇಣು ಹೆಚ್ಚಿಗಿ ತಗೋರಿ. ಹೊಸಾ ಅರಿವಿ. ಬಿಸಿನೀರು ಕಂಡ ಕೂಡ್ಲೆ ಗಿಡ್ಡ ಆಗತೈತಿ. ಒಗೀಲಾರದ ಅಳದವಾ ಮೂರ್ಖ ಅಂತ ತಿಳೀ…”

ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. ಅಂದಾನೆಪ್ಪ ನನ್ನ ಮುಖವನ್ನೇ ನೋಡಿದ.

“ಯಾಕ್ರಿ? ಮೂರ್ಖ ಅಂತ?”

“ಅದ… ಮೂರ್ಖ… ಅವಾ… ನಾನ ರೀ!”

ಅಂಗಡಿಯನ್ನು ಅವನ ಸ್ವಾಧೀನಕ್ಕೇ ಬಿಟ್ಟು ಮನೆಗೆ ಓಡಿದೆ. ಟವೆಲ್ಲು ಗಿಡ್ಡಾಗಿದ್ದರೆ ಗೆರೆ ಕೆಳಗೆ ಬಂದಿದೆ. ಗೆರೆ ಕೆಳಗೆ ಬಂದಿದ್ದರೆ ಬಫೂನನ ಅಂಗೈ ಇನ್ನೂ ಮೇಲಿದೆ. ಎಷ್ಟು ಮೇಲೆ? ಪಾರ್ಕಿಗೆ ಫೋನು ಹಚ್ಚಿದರೆ ಅತ್ತಲಿಂದ ಒಬ್ಬ ಹೆಣ್ಣುಮಗಳು ಇಂಪಾಗಿ, “ಒಂದೊಂದು ಆಟಕ್ಕೂ ಒಂದೊಂದು ಎತ್ತರ ಸಾರ್, ಬಂದಾಗ ಅಳೀತಾರೆ” ಎಂದು ಇಟ್ಟುಬಿಟ್ಟಳು. ಅಳತೆಯನ್ನು ಕಂಡವರನ್ನು ಕೇಳಿದ ಅಪಮಾನವೂ ಆಯಿತು, ಅಳತೆಯೂ ಸಿಗಲಿಲ್ಲ!

ಆಗ ನನ್ನೊಳಗಿನ ವಿಜ್ಞಾನಿ ಎಚ್ಚೆತ್ತ. ಅಂಥದೇ ಟವೆಲ್ಲನ್ನು ಅಳೆದು, ಬಿಸಿನೀರಿಗೆ ಹಾಕಿ, ಒಣಗಿಸಿ ಮತ್ತೆ ಅಳೆದರೆ ಗುಟ್ಟು ರಟ್ಟಾಗುತ್ತದಲ್ಲ? ಆದರೆ ಅಂದಿನ ಟವೆಲ್ಲು ಯಾವ ಮಗ್ಗದ್ದೆಂದು ನೆನಪಿಲ್ಲ. ರಾಮದುರ್ಗದ್ದೋ? ಕಟಕೋಳದಿಂದ ಬಂದದ್ದೋ? ಸಂಶಯವೇಕೆಂದು ಅಂಗಡಿಯಲ್ಲಿದ್ದ ಎಲ್ಲ ಬಗೆಯ ಟವೆಲ್ಲುಗಳನ್ನೂ ಹಿತ್ತಲಿನ ಹಂಡೆಗೆ ಸುರಿದೆ. ಕುದಿಸಿದೆ. ಸಾರು ಕೆಂಪಾದಾಗ ನೆನಪಾಯಿತು, ಅವುಗಳಲ್ಲಿ ಅರ್ಧಕ್ಕೆ ಕೆಂಪು ಅಂಚಿತ್ತು ಎಂದು!

ಮಧ್ಯಾಹ್ನದ ಹೊತ್ತಿಗೆ ನಮ್ಮ ಮಾಳಿಗೆಯ ಮೇಲೆ ಗುಲಾಬಿ ಟವೆಲ್ಲುಗಳ ಮೆರವಣಿಗೆ. ಓಣಿಯೇ ಕತ್ತೆತ್ತಿ ನಿಂತಿತು.

“ಬಣ್ಣದ ಹಬ್ಬಾ ಇನ್ನಾ ಮುಂದೈತಲ್ರೀ?” ಸೋಮವ್ವ ಕೆಳಗಿನಿಂದ ಕೂಗಿದಳು.

“ಪ್ರಯೋಗ ನಡದೈತ್ರಿ!”

ಪ್ರಯೋಗದ ಫಲವೇನು? ಒಂದು ಟವೆಲ್ಲು ಒಂದು ಬೆರಳು ಗಿಡ್ಡಾಗಿತ್ತು, ಇನ್ನೊಂದು ಮೂರು ಬೆರಳು. ಮತ್ತೊಂದು ನನ್ನ ಹೊಟ್ಟೆ ಉರಿಸಲೆಂದೇ ಎರಡು ಬೆರಳು ಉದ್ದವಾಗಿತ್ತು! ನಾನು ಹಂಡೆಯ ಪಕ್ಕದಲ್ಲಿ ಬೋಳುತಲೆ ಹಿಡಿದು ಕೂತೆ. ಶೈಲಜಾ ರೊಟ್ಟಿ ಬಡಿಯುವ ಹಿಟ್ಟಿನ ಕೈಯಲ್ಲೇ ಬಂದು ನಿಂತಳು.

“ಒಂದ್ ಮಾತ್ ಕೇಳ್ಲ್ಯಾ? ಪಾರ್ಕಿನ್ಯಾಗ ಹುಡುಗಿ ಎಷ್ಟು ಕಡಿಮಿ ಇದ್ಲು?”

“ಎರಡು ಬೆರಳು.”

“ಮನಿಗೆ ಬಂದ್ ಅಳದಾಗ?”

“ಒಂದು.”

“ಹುಡುಗಿ ರೈಲಿನ್ಯಾಗ ಬೆಳಿಲಿಲ್ಲಲ್ಲ? ಹಂಗಾರ ಟವೆಲ್ಲು ಒಂದ್ ಬೆರಳು ಗಿಡ್ಡ ಆತು. ಇಷ್ಟಕ್ಕ ಅಂಗಡಿ ಎಲ್ಲಾ ಕುದಿಸಬೇಕಿತ್ತೇನು?”

ನಾನು ಉಳಿದಿದ್ದ ಚೂರು ಮಾನಕ್ಕಾಗಿ ಹೋರಾಡಿದೆ. “ಆದ್ರ ಅಲ್ಲಿ ಅಳದದ್ದು ಕಾವಲುಗಾರನ ಬೆರಳು, ಇಲ್ಲಿ ನಂದು! ಅವನ ಬೆರಳು ಬಾಳಿಹಣ್ಣಿನಂಗಿದ್ವು!”

“ಅದೂ ಖರೇನ,” ಎಂದಳು ಶೈಲಜಾ, ಮೊದಲ ಬಾರಿ ಮುಖ ಸಣ್ಣದು ಮಾಡಿಕೊಂಡು.

ಗೆರೆಯನ್ನು ಒಂದು ಬೆರಳು ಮೇಲೆ ಎಳೆದೆ. ಮೀನಾ ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ ಬಾಗಿಲಿಗೆ ಬೆನ್ನು ಹಚ್ಚಿ ನಿಂತಳು. ಹೊಸ ಗೆರೆ ಅವಳ ನೆತ್ತಿಯ ಮೇಲೆ ಕೂದಲೆಳೆಯಷ್ಟು ಇಣುಕುತ್ತಿತ್ತು.

“ಅಪ್ಪಾ, ಪೇಡೆ ಹಂಚಿ ಆಗೇತಿ. ಈಗ ನಾ ಫೇಲೇನು?”

ಎಲ್ಲದರಲ್ಲೂ ನಗೆ ಹುಡುಕುವ ನನಗೆ ಆ ಪ್ರಶ್ನೆಗೆ ಮಾತ್ರ ನಗೆ ಹುಟ್ಟಲಿಲ್ಲ. “ಫೇಲ್ ಆದಾಂವ ನಾನಽ,” ಎಂದೆ. ಆಮೇಲೆ ತಡೆಯಲಾರದೆ ಉಪಾಯ ಹೇಳಿದೆ: ನೆತ್ತಿಯ ಮೇಲೆ ದೊಡ್ಡದೊಂದು ತುರುಬು ಕಟ್ಟೋಣ, ಒಳಗೆ ಒಂದು ಗುಲಾಬಿ ಟವೆಲ್ಲು ತುರುಕೋಣ, ಅವು ಹೇಗೂ ಬೇಕಾದಷ್ಟಿವೆ!

“ಸುಳ್ಳು ತಲಿ ಮಾಡ್ಕೊಂಡು ನಾ ಬರೂದಿಲ್ಲ,” ಎಂದಳು ಮೀನಾ. “ನಾನಽ ಬೆಳಿತೇನಿ. ನೀ ಸುಮ್ನಿರು.”

ನಾನು ಸುಮ್ಮನಿದ್ದೆ. ಉಂಡೆ ಕಟ್ಟಲಿಲ್ಲ, ಹಗ್ಗ ಕಟ್ಟಲಿಲ್ಲ. ಅವಳು ಪಂಚಾಕ್ಷರಿ ಮಂತ್ರ ಹೇಳಿದಷ್ಟೇ ನಿಷ್ಠೆಯಿಂದ ದಿನಾ ಶಾಲೆಗೆ ಹೋಗುವ ಮೊದಲು ಬಾಗಿಲಿಗೆ ನಿಂತು, ನೋಡಿಕೊಂಡು ಹೋಗುತ್ತಿದ್ದಳು.

ಮೇ ತಿಂಗಳು ಬಂತು. ಅರ್ಧ ಓಣಿಯನ್ನು ಕಟ್ಟಿಕೊಂಡು ಪಾರ್ಕಿಗೆ ನುಗ್ಗಿದೆವು. ಉಳಿದ ಯಾವ ಆಟವನ್ನೂ ಕಣ್ಣೆತ್ತಿ ನೋಡದೆ ನೇರ ಬಫೂನನ ಎದುರು! ಅದೇ ನಗೆ, ಅದೇ ಅಂಗೈ. ಮೀನಾ ಚಪ್ಪಲಿ ಬಿಟ್ಟಳು. ಜಡೆಯನ್ನು ತಾನೇ ಮುಂದಕ್ಕೆ ಎಳೆದುಕೊಂಡಳು, ನೆತ್ತಿಯಲ್ಲಿ ಮೋಸವಿಲ್ಲವೆಂದು ತೋರಿಸಲು. ನಿಂತಳು. ತಂಗೆವ್ವ ಸೊಂಟದ ಚೀಲದಿಂದ ಭಸ್ಮ ತೆಗೆದಳು. ಸೋಮವ್ವ “ತಡೀರಿ ತಡೀರಿ, ನಂಗ ಕಾಣವಲ್ದು” ಎಂದು ಎಲ್ಲರನ್ನೂ ಒತ್ತಿಕೊಂಡು ಮುಂದೆ ಬಂದಳು. ನಾನು ಒಂದು ಕಣ್ಣು ಮುಚ್ಚಿಕೊಂಡೆ.

ಕಾವಲುಗಾರ ಹೊಸಬ. ಬೆರಳು ತೂರಿಸಲು ನೋಡಿದ. ತೂರಲಿಲ್ಲ. ಮತ್ತೆ ನೋಡಿದ.

“ತಾಗ್ತಿದೆ ಸಾರ್. ಹೋಗಮ್ಮ ಒಳಗೆ.”

ಓಣಿಯ ಮಂದಿ ಕೂಗಿದ ಕೂಗಿಗೆ ಬಫೂನನ ಬಣ್ಣ ಉದುರಬೇಕಿತ್ತು. ಶೈಲಜಾ ಕಣ್ಣೊರೆಸಿಕೊಂಡಳು. ನಾನು ವಿಜಯಿ ಸೇನಾಪತಿಯಂತೆ ಎರಡೂ ಕೈ ಮೇಲೆತ್ತಿದೆ. ಅಷ್ಟರಲ್ಲಿ ಮೀನಾ ನನ್ನ ಕೈ ಹಿಡಿದು ಎಳೆದಳು.

“ಬಾ ಅಪ್ಪಾ! ಕೂಡೇ ಹೋಗೂಣು ಅಂದಿದ್ದಿಲ್ಲ ನಾ?”

ಆಗ, ಓದುಗ ಮಹಾಶಯರೇ, ನಾನು ಮೊದಲ ಬಾರಿಗೆ ತಲೆ ಎತ್ತಿ ಆ ಗುಡ್ಡವನ್ನು ನೋಡಿದೆ. ಇಡೀ ವರ್ಷ ನಾನು ಚಿಂತಿಸಿದ್ದು ನನ್ನ ಎದೆಮಟ್ಟಕ್ಕಿದ್ದ ಒಂದು ಅಂಗೈಯನ್ನು. ದೋಣಿ ಎಲ್ಲಿಂದ ಬೀಳುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲ! ಅದು ತೊರಗಲ್ಲ ಕೋಟೆಯ ಬುರುಜಿನಂತೆ ಆಕಾಶಕ್ಕೆ ಚಾಚಿತ್ತು. ಮೇಲಿನಿಂದ ಒಂದು ದೋಣಿ ಬಂತು. ಬಂತು ಎನ್ನಬಾರದು, ಬಿತ್ತು. ಅದರಲ್ಲಿದ್ದವರ ಕೂಗು ಮಾತ್ರ ಇನ್ನೂ ಮೇಲೆಯೇ ಉಳಿದಿತ್ತು.

“ನಾ ಯಾಕಽ… ಶೈಲಾ, ನೀ ಹೋಗಿ ಬರ್ತೀಯೇನು?”

“ಶಪಥ ಮಾಡಿದವರು ನೀವು,” ಎಂದಳು ಶೈಲಜಾ. ಹಿಂದೆ ಅರ್ಧ ಬೈಲಹೊಂಗಲ ನಿಂತಿತ್ತು. ಹೋಗದೆ ವಿಧಿಯಿರಲಿಲ್ಲ.

ಮೇಲೆ ಏನಾಯಿತೆಂದು ನನಗೆ ಅಷ್ಟಾಗಿ ತಿಳಿಯದು. ಮೀನಾ “ಹೆದರಬ್ಯಾಡಪಾ, ನಾ ಅದೇನಿ” ಎಂದದ್ದು ಮಾತ್ರ ಕೇಳಿಸಿತು. ಕೆಳಗೆ ಬಂದು ಎದೆ ಸೆಟೆಸಿ, “ಏನೂ ಇಲ್ರಿ, ಮಕ್ಕಳಾಟ!” ಎಂದು ಓಣಿಯವರಿಗೆ ವರದಿ ಒಪ್ಪಿಸುತ್ತಿದ್ದೆ. ಬೀಳುವ ದೋಣಿಯ ಫೋಟೋವನ್ನು ಪಾರ್ಕಿನವರೇ ತೆಗೆದು ಮಾರುತ್ತಾರೆಂಬ ಸಂಗತಿ ನನಗೆ ಯಾರೂ ಹೇಳಿರಲಿಲ್ಲ. ಶೈಲಜಾಳಿಗೆ ಹೇಳಿದ್ದರು.

ಈಗ ಆ ಫೋಟೋ ಕಟ್ಟು ಹಾಕಿಸಿಕೊಂಡು ನಮ್ಮ ಅಂಗಡಿಯಲ್ಲಿ, ನನ್ನ ಗಾದಿಯ ಸರಿಯಾಗಿ ಮೇಲೆ ತೂಗುತ್ತಿದೆ. ಮೀನಾ ಎರಡೂ ಕೈ ಆಕಾಶಕ್ಕೆ ಎತ್ತಿ, ಬಾಯಿ ತುಂಬ ನಗುತ್ತಿದ್ದಾಳೆ. ಮೊನ್ನೆ ಹೊಸ ಗಿರಾಕಿಯೊಬ್ಬಾಕೆ ಕುಪ್ಪಸದ ಕಣ ಆರಿಸುವುದನ್ನು ಬಿಟ್ಟು ಅದನ್ನೇ ಬಹಳ ಹೊತ್ತು ನೋಡಿದಳು.

“ಎವ್ವಾ, ಎಷ್ಟ್ ಧೈರ್ಯದ ಹುಡುಗಿ! ಆದ್ರ ತೊಡಿ ಮ್ಯಾಲ ಕುಂಬಳಕಾಯಿ ಯಾಕ ಇಟ್ಕೊಂಡಾಳ್ರಿ?”

“ಕುಂಬಳಕಾಯಿ ಅಲ್ರಿ,” ಎಂದಳು ಶೈಲಜಾ, ಕಣ ಮಡಚುತ್ತ. “ನಮ್ಮ ಮನಿಯವರ ತಲಿ.”