ದಿಂಬಿನ ಗವಸಿನಲ್ಲಿ ಅವರೆಕಾಳು

ಸಾವಿತ್ರಮ್ಮ ಅಹಂಕಾರಿ. ಬೀದಿಯವರು ಇದನ್ನು ಬೆನ್ನ ಹಿಂದೆ ಹೇಳುತ್ತಾರೆ, ಗಂಡ ಸತ್ಯಮೂರ್ತಿ ಮೆಲ್ಲನೆಯ ದನಿಯಲ್ಲಿ ಹೇಳುತ್ತಾರೆ, ಸಾವಿತ್ರಮ್ಮನವರಾದರೋ ತಲೆಯೆತ್ತಿಕೊಂಡೇ ಹೇಳುತ್ತಾರೆ. ಚಿಂತಾಮಣಿಯಲ್ಲಿ ಕಾಲೇಜು ಹುಡುಗರಿಗೆ ಭೌತಶಾಸ್ತ್ರ ಕಲಿಸಿ, ಜೊತೆಗೊಂದು ಡಾಕ್ಟರೇಟನ್ನೂ ಸಂಪಾದಿಸಿ ನಿವೃತ್ತರಾದ ಈ ಹೆಂಗಸು ಜೀವಮಾನದಲ್ಲಿ ಪಕ್ಕದ ಮನೆಯ ಬಾಗಿಲು ತಟ್ಟಿ ಏನನ್ನೂ ಕೇಳಿದವರಲ್ಲ. ಒಮ್ಮೆ ಬೆಕ್ಕು ಮೊಸರಿನ ಪಾತ್ರೆಯನ್ನು ಉರುಳಿಸಿ, ಮನೆಯಲ್ಲಿ ಹೆಪ್ಪಿಗೂ ಗತಿಯಿಲ್ಲದ ಹಾಗಾಯಿತು. ಪಕ್ಕದ ಆದಿಲಕ್ಷ್ಮಮ್ಮನನ್ನು ಕೇಳಿದ್ದರೆ ಒಂದು ಚಮಚ ಮೊಸರು ಸಿಗುತ್ತಿತ್ತು. ಕೇಳಲಿಲ್ಲ! ಫೋನಿನಲ್ಲಿ ಯಾವುದೋ ವಿಡಿಯೊ ನೋಡಿ, ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಹಾಲಿಗೆ ಹಾಕಿ ಹೆಪ್ಪಿಟ್ಟರು.

"ಮೊಸರೇನೋ ಆಯ್ತು. ಆದ್ರೆ ಅವತ್ತು ಉಪ್ಪಿನಕಾಯಿ ಬೇಕಾಗ್ಲಿಲ್ಲ" ಎಂದು ಸತ್ಯಮೂರ್ತಿ ಇಂದಿಗೂ ನೆನೆಯುತ್ತಾರೆ.

ಇಂಥವರು ಈ ವರ್ಷ ಸಂಕ್ರಾಂತಿ ಮುಗಿದ ಮಾರನೆಯ ದಿನ ಕಾಫಿ ಲೋಟವನ್ನು ಟೇಬಲ್ಲಿನ ಮೇಲೆ ಕುಕ್ಕಿ ಘೋಷಿಸಿದರು.

"ಇನ್ಮೇಲೆ ಈ ಮನೇಲಿ ಯಾವ ಕೆಲಸಕ್ಕೂ ಇನ್ನೊಬ್ಬರ ಕೈ ತಾಗಕೂಡದು. ಪೂರ್ಣ ಸ್ವರಾಜ್ಯ!"

"ಆಗ್ಲಮ್ಮ. ನಾನೂ ಇನ್ನೊಬ್ಬನೇ ತಾನೇ?" ಎಂದರು ಸತ್ಯಮೂರ್ತಿ, ಆಸೆಗಣ್ಣಿನಿಂದ.

"ನೀವು ಮನೆಯವರು. ಏಳಿ, ಮೇಲೆ ಹತ್ತಿ ಟ್ಯಾಂಕು ತೊಳೀರಿ."

ಸ್ವರಾಜ್ಯ ಶುರುವಾಯಿತು. ಗ್ಯಾಸು, ಕರೆಂಟು ಬಿಲ್ಲು, ಬಸ್ಸಿನ ಸೀಟು ಎಲ್ಲವೂ ಸಾವಿತ್ರಮ್ಮನವರ ಹೆಬ್ಬೆರಳಿನ ತುದಿಗೆ ಬಂದವು. ಸೋರುತ್ತಿದ್ದ ಅಡುಗೆಮನೆಯ ನಲ್ಲಿಯನ್ನು ತಾವೇ ಬಿಚ್ಚಿ ಜೋಡಿಸಿದರು. ಈಗ ಅದು ಸೋರುವುದಿಲ್ಲ, ತಿರುಗಿಸಿದರೂ ನೀರು ಬರುವುದಿಲ್ಲ. ನಡುಮನೆಯ ಫ್ಯಾನಿಗೂ ಕೈ ಹಾಕಿದರು. ಅಂದಿನಿಂದ ಅದು ಹಿಂದುಮುಂದಾಗಿ ತಿರುಗುತ್ತ ಸೂರಿಗೆ ಗಾಳಿ ಬೀಸುತ್ತಿದೆ. "ಚಳಿಗಾಲ ತಾನೇ? ಈಗ ಹೀಗೇ ಇರಬೇಕು" ಎಂದು ಸಾವಿತ್ರಮ್ಮ ಸಮರ್ಥಿಸಿಕೊಂಡರು.

ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಹೇಳಬೇಕಾಗುತ್ತಿರಲಿಲ್ಲ. ನಡುವೆ ಬಂತು ಅವರೆಕಾಯಿ.

ಅವರೆ ಕಾಲದಲ್ಲಿ ನಮ್ಮ ಕಡೆ ಹಿತಕಿದ ಬೇಳೆಯ ಸಾರು ತಿನ್ನದವನನ್ನು ಜನ ಮರುಕದಿಂದ ನೋಡುತ್ತಾರೆ. ಆದರೆ ಅದು ಒಂಟಿ ಕೈಯ ಕೆಲಸವಲ್ಲ. ಕಾಯಿ ಸುಲಿಯಬೇಕು, ಕಾಳು ನೆನೆಸಬೇಕು, ಆಮೇಲೆ ಒಂದೊಂದೇ ಕಾಳನ್ನು ಎರಡು ಬೆರಳಿನ ನಡುವೆ ಹಿತುಕಿ ಸಿಪ್ಪೆಯಿಂದ ಬೇಳೆಯನ್ನು ಹಾರಿಸಬೇಕು. ಅದಕ್ಕೇ ಬೀದಿಯ ಹೆಂಗಸರೆಲ್ಲ ಮಧ್ಯಾಹ್ನ ಆದಿಲಕ್ಷ್ಮಮ್ಮನ ಜಗಲಿಯ ಮೇಲೆ ಸೇರುತ್ತಾರೆ. ಇವತ್ತು ನಿನ್ನ ಮನೆಯ ಕಾಳು, ನಾಳೆ ನನ್ನ ಮನೆಯದು. ಮುಯ್ಯಿಗೆ ಮುಯ್ಯಿ. ಸಾವಿತ್ರಮ್ಮನವರಿಗೆ ಈ ಮುಯ್ಯಿ ಎಂಬ ಪದವೇ ಅಲರ್ಜಿ. ಮುಯ್ಯಿ ಅಂದರೆ ಹಂಗು, ಹಂಗು ಅಂದರೆ ಕೊರಳಿಗೆ ಹಗ್ಗ! ಹಾಗಾಗಿ ಸತ್ಯಮೂರ್ತಿ ಮದುವೆಯಾದ ಲಾಗಾಯ್ತಿನಿಂದಲೂ ಅವರೆಕಾಳನ್ನು ಸಿಪ್ಪೆಯ ಸಮೇತವೇ ನುಂಗಿಕೊಂಡು ಬಂದಿದ್ದರು.

ಆಗ ಗೌರಿಬಿದನೂರಿನಿಂದ ಬೀಗಿತ್ತಿಯ ಫೋನು ಬಂತು. ಸೊಸೆ ಶುಭಾಳ ತಾಯಿ. ಮಾತೆಲ್ಲ ಬೆಲ್ಲ, ಬೆಲ್ಲದೊಳಗೊಂದು ಕಲ್ಲು.

"ಭಾನುವಾರ ನಾವಿಬ್ರೂ ಊಟಕ್ಕೆ ಬರ್ತೀವಿ ಕಣ್ರೀ. ಹಿತಕಿದ ಬೇಳೆ ಸಾರು ತಿನ್ನೋ ಆಸೆ. ಆದ್ರೆ ನಿಮಗೆ ಅದೆಲ್ಲ ಅಭ್ಯಾಸ ಇಲ್ಲ ಅಲ್ವಾ? ಪಾಪ, ಓದ್ಕೊಂಡೋರು. ನಾನೇ ಇಲ್ಲಿಂದ ಹಿತುಕಿ ತಂದ್ಬಿಡ್ಲಾ?"

ಆ 'ಪಾಪ' ನೆಟ್ಟಗೆ ಹೋಗಿ ನೆತ್ತಿಗೆ ಬಡಿಯಿತು.

"ಏನೂ ತರಬೇಡಿ. ನಾನೊಬ್ಬಳೇ ಮಾಡಿ ಬಡಿಸ್ತೀನಿ."

"ಒಬ್ರೇನಾ?"

"ಒಬ್ಬಳೇ!"

ಮಾತು ಕೊಟ್ಟಾಯಿತು. ತಪ್ಪಿದರೆ ಬೀಗಿತ್ತಿಯ 'ಪಾಪ'ವನ್ನು ಉಳಿದ ಆಯುಷ್ಯವಿಡೀ ಕೇಳಬೇಕು. ಸತ್ಯಮೂರ್ತಿ ಸಂತೆಯಿಂದ ಚೀಲ ಹೊತ್ತು ತಂದರು, ಮನೆಯವರಾದ ತಪ್ಪಿಗೆ ಕೂತು ಅಷ್ಟನ್ನೂ ಸುಲಿದರು. ಶನಿವಾರ ತಿಂಡಿ ಮುಗಿಸಿ ಸಾವಿತ್ರಮ್ಮ ನೆನೆದ ಕಾಳಿನ ಬೇಸಿನ್ ಮುಂದೆ ಪದ್ಮಾಸನ ಹಾಕಿದರು. ಹಿತುಕಿದರು. ಮೊದಲ ಬೇಳೆ ಸತ್ಯಮೂರ್ತಿಯವರ ಕನ್ನಡಕಕ್ಕೆ ಹೊಡೆಯಿತು. ಎರಡನೆಯದು ಸೋಫಾದ ಸಂದಿಯಲ್ಲಿ ಅಜ್ಞಾತವಾಸಕ್ಕೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳು ಬದನೆಕಾಯಿಯಂತಾಗಿತ್ತು, ಬಟ್ಟಲಿನ ತಳ ಇನ್ನೂ ಮುಚ್ಚಿರಲಿಲ್ಲ.

ಕಾಂಪೌಂಡಿನಾಚೆ ಆದಿಲಕ್ಷ್ಮಮ್ಮನ ಜಗಲಿಯಿಂದ ನಗು ಅಲೆಅಲೆಯಾಗಿ ಬರುತ್ತಿತ್ತು.

"ಅಲ್ಲಿ ಒಂದ್ ಮಾತು ಹೇಳಿದ್ರೆ ಎಲ್ರೂ ಬಂದು ಕೂತ್ಕೋತಾರೆ ಕಣೇ" ಎಂದರು ಸತ್ಯಮೂರ್ತಿ.

"ಸತ್ತರೂ ಕೇಳಲ್ಲ."

"ಸತ್ತಾಗ ಕೇಳ್ದೇನೇ ಬರ್ತಾರೆ ಬಿಡು."

ಸಾವಿತ್ರಮ್ಮನವರ ದೃಷ್ಟಿ ಹಿತ್ತಲ ತಗಡಿನ ಮಾಡಿನ ಕೆಳಗಿದ್ದ ವಾಷಿಂಗ್ ಮಷಿನ್ನಿನ ಮೇಲೆ ನೆಟ್ಟಿತ್ತು. ಮುಂದುಗಡೆ ದುಂಡನೆಯ ಗಾಜಿನ ಬಾಗಿಲು, ಒಳಗೆ ಗಿರಗಿರ ತಿರುಗುವ ಡ್ರಮ್ಮು. ತಿರುಗಿದರೆ ಕಾಳಿಗೆ ಕಾಳು ಉಜ್ಜುತ್ತದೆ. ಉಜ್ಜಿದರೆ ಘರ್ಷಣೆ. ಘರ್ಷಣೆಯಾದರೆ ಸಿಪ್ಪೆ ಬಿಡಲೇಬೇಕು! ಇಷ್ಟು ದಿನ ಇಡೀ ಜಿಲ್ಲೆಯ ಹೆಂಗಸರಿಗೆ ಇದು ಹೊಳೆದಿರಲಿಲ್ಲವಲ್ಲ!

"ಬೇಡ ಕಣೇ" ಎಂದರು ಸತ್ಯಮೂರ್ತಿ. ಹೆಂಡತಿಯ ಕಣ್ಣಿನ ಆ ಹೊಳಪನ್ನು ಅವರು ಫ್ಯಾನು ಬಿಚ್ಚುವ ಮುನ್ನವೂ ನೋಡಿದ್ದರು.

"ನಿಮ್ಮಂಥೋರು ಇದ್ದಿದ್ರೆ ವಿಜ್ಞಾನ ಇನ್ನೂ ಗುಹೇಲೇ ಇರ್ತಿತ್ತು. ಒಗೆದ ದಿಂಬಿನ ಗವಸು ಕೊಡಿ."

ಅಚ್ಚುಕಟ್ಟಿಗೇನೂ ಕೊರತೆಯಿರಲಿಲ್ಲ. ಮೊದಲು ಬರಿಯ ಡ್ರಮ್ಮನ್ನು ಬಿಸಿನೀರಿನಲ್ಲಿ ಓಡಿಸಿ ಉಪಕರಣ ಶುದ್ಧಿ ಮಾಡಿದರು. ಸೋಪಿನ ಪುಡಿಯ ಗೂಡನ್ನು ಮಾತ್ರ ಎಳೆದು ನೋಡಲಿಲ್ಲ. ಕಾಳನ್ನು ಗವಸಿಗೆ ತುಂಬಿ ಬಾಯಿಗೆ ಗಂಟು ಹಾಕಿ ಒಳಗೆ ಮಲಗಿಸಿದರು.

"ಕಾಟನ್ನೋ ರೇಷ್ಮೆಯೋ?" ಬಟನ್ನಿನ ಮೇಲೆ ಬೆರಳಿಟ್ಟು ಕೇಳಿದರು ಸತ್ಯಮೂರ್ತಿ.

"ರೇಷ್ಮೆ. ನಾಜೂಕಾಗಿ ತಿರುಗಬೇಕು."

ಶಿಡ್ಲಘಟ್ಟದ ರೇಷ್ಮೆಗೆ ಸಲ್ಲುವ ಸಕಲ ಮರ್ಯಾದೆಯೊಂದಿಗೆ ಅವರೆಕಾಳು ತಿರುಗತೊಡಗಿತು. ದಂಪತಿಗಳು ಗಾಜಿನೆದುರು ಕುರ್ಚಿ ಹಾಕಿಕೊಂಡು, ಟಿವಿ ನೋಡುವಂತೆ ಕೂತರು. ಗವಸು ಉರುಳಿತು, ಹೊರಳಿತು. ಗಂಟಿನ ಸಂದಿಯಿಂದ ನುಸುಳಿದ ಮೊದಲ ಸಿಪ್ಪೆ ತೇಲಿ ಬಂದು ಗಾಜಿಗೆ ಅಂಟಿಕೊಂಡಿತು.

"ನೋಡಿ!" ಎಂದು ಸಾವಿತ್ರಮ್ಮ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗೇ ಕಾದಿದ್ದಂತೆ ಗವಸಿನ ಗಂಟು ಬಿಚ್ಚಿಕೊಂಡಿತು.

ಅಬ್ಬಾ! ಕಾಳು, ಬೇಳೆ, ಸಿಪ್ಪೆ ಎಲ್ಲ ಒಟ್ಟಿಗೆ ಕುಣಿದವು. ಗೂಡಿನ ಮೂಲೆಯಲ್ಲಿ ಅಡಗಿದ್ದ ಹಳೆಯ ಸೋಪಿನ ಪುಡಿ ಕರಗಿ ಇಳಿದು ನೊರೆ ಏರಿತು. ಬೇಳೆಗಳು ಒಂದೊಂದಾಗಿ ಕ್ಷೀರಸಾಗರದಲ್ಲಿ ಮುಳುಗಿ ಮರೆಯಾದವು. ಆಮೇಲೆ ಮಷಿನ್ನು ಅಜೀರ್ಣವಾದ ಹೋರಿಯಂತೆ ಗೊರ್ರೆಂದು ನಿಂತು, ಕುಂಯ್ ಕುಂಯ್ ಎಂದು ಗೋಳಿಡತೊಡಗಿತು. ಬಾಗಿಲು ಎಳೆದರೂ ಬರಲಿಲ್ಲ, ಬೈದರೂ ಬರಲಿಲ್ಲ. ನೀರು ಹೊರಹೋಗುವ ದಾರಿಗೆ ಬೇಳೆ ಸಿಕ್ಕಿಕೊಂಡಿತ್ತು.

"ಮೆಕ್ಯಾನಿಕ್ ಮಧುಸೂದನ್‌ಗೆ ಫೋನ್ ಮಾಡ್ಲಾ?"

"ಮಾಡಿದ್ರೆ ನೋಡಿ! ಕೆಳಗಡೆ ಒಂದು ಬಿರಡೆ ಇರುತ್ತೆ. ತಿರುಗಿಸಿದ್ರೆ ನೀರು ನಿಧಾನವಾಗಿ ಇಳಿಯುತ್ತೆ."

ಸಾವಿತ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲಕ್ಕೆ ಕೂತು ಬಿರಡೆ ತಿರುಗಿಸಿದರು. ದ್ರವದ ಒತ್ತಡವನ್ನು ವರ್ಷವರ್ಷವೂ ಪಾಠ ಮಾಡಿದವರ ಮುಖಕ್ಕೇ ಆ ಒತ್ತಡ ಬಂದು ಅಪ್ಪಳಿಸಿತು. ಬಿರಡೆ ಹಾರಿತು. ನೊರೆನೀರು ಬೇಳೆಯನ್ನು ಹೊತ್ತು ಮನೆಯ ಪಕ್ಕದ ಓಣಿಯಲ್ಲಿ ಓಡಿ, ಗೇಟಿನ ಕೆಳಗೆ ನುಸುಳಿ, ಇಳಿಜಾರು ಕಂಡತ್ತ ತಿರುಗಿತು. ಆ ಬೀದಿಯ ಇಳಿಜಾರು ಇರುವುದು ಆದಿಲಕ್ಷ್ಮಮ್ಮನ ಜಗಲಿಯ ಕಡೆಗೆ. ಪೊರಕೆ ಹಿಡಿದು ಬೇಳೆಯ ಬೆನ್ನಟ್ಟಿ ಹೋದ ಸಾವಿತ್ರಮ್ಮ, ತಲೆಯ ಮೇಲೆ ನೊರೆಯ ಕಿರೀಟ ಧರಿಸಿ, ಬೀದಿಯ ಸಮಸ್ತ ಮಹಿಳೆಯರ ಎದುರು ಬಂದು ನಿಂತರು.

ಹಿತುಕುತ್ತಿದ್ದ ಕೈಗಳೆಲ್ಲ ನಿಂತವು.

"ಓರಿ ದೇವುಡಾ!" ಎಂದರು ಆದಿಲಕ್ಷ್ಮಮ್ಮ. "ಏನ್ ಟೀಚರಮ್ಮಾ, ಸಾರು ಕುದಿಸೋ ಬದ್ಲು ಒಗೆದ್ಬಿಟ್ರಾ?"

ಪಕ್ಕದಲ್ಲಿದ್ದ ಕದಿರಮ್ಮ ನೀರಿನಿಂದ ಒಂದು ಬೇಳೆ ಹೆಕ್ಕಿ ಮೂಸಿದರು. "ಘಮಘಮ ಅಂತೈತೆ ಕಣಕ್ಕಾ, ಮಲ್ಲಿಗೆ ಪೌಡರು. ಆದ್ರೂ ಸಿಪ್ಪೆ ಬಿಟ್ಟೈತೆ ನೋಡು!"

"ನೋಡಿದ್ರಾ?" ಎಂದರು ಸಾವಿತ್ರಮ್ಮ, ಮುಖದ ನೊರೆ ಒರೆಸಿಕೊಳ್ಳುತ್ತ. "ಸಿದ್ಧಾಂತ ಸರಿಯಾಗೇ ಇತ್ತು."

ಜಗಲಿ ಬಿದ್ದು ಬಿದ್ದು ನಕ್ಕಿತು. ಆದಿಲಕ್ಷ್ಮಮ್ಮ ಮಾತ್ರ ನಗದೆ, ಬೇಳೆ ತುಂಬಿದ ತಮ್ಮ ಬೇಸಿನ್ನನ್ನು ಮಡಿಲಿಗೆ ಎಳೆದುಕೊಂಡರು.

"ನಾಳೆ ಬೀಗರು ಬರ್ತಾರಲ್ವಾ?"

"ನಿಮಗೆ ಯಾರು ಹೇಳಿದ್ದು?"

"ಒಬ್ಬಳೇ ಒಬ್ಬಳೇ ಅಂತ ಫೋನಲ್ಲಿ ಕೂಗ್ತಿದ್ರಲ್ಲಮ್ಮಾ, ಬಸ್ ಸ್ಟ್ಯಾಂಡಿಗೇ ಕೇಳಿಸ್ತು. ಈಗೇನ್ ಬಡಿಸ್ತೀರಾ, ನೊರೆನಾ? ಕೇಳಿದ್ರೆ ಕೊಡ್ತೀನಿ. ಬಾಯ್ಬಿಟ್ಟು ಕೇಳ್ಬೇಕು, ಅಷ್ಟೇ."

ಸಾವಿತ್ರಮ್ಮನವರ ಕಣ್ಣ ಮುಂದೆ ಒಂದು ಕಡೆ ಬೀಗಿತ್ತಿಯ 'ಪಾಪ' ನಿಂತಿತ್ತು, ಇನ್ನೊಂದು ಕಡೆ ಈ ಬೇಸಿನ್ನು. ಡಾಕ್ಟರೇಟಿನ ಪ್ರಬಂಧ ಒಪ್ಪಿಸುವಾಗ ಪರೀಕ್ಷಕರ ಮುಂದೆಯೂ ತಗ್ಗದಿದ್ದ ದನಿ ತಗ್ಗಿತು.

"ಸ್ವಲ್ಪ… ಬೇಳೆ… ಇದ್ದರೆ…"

"ಕೇಳಿಸ್ಲಿಲ್ಲ. ಹಿಂದಿನ ಬೆಂಚಿಗೂ ಕೇಳೋ ಹಂಗೆ ಮಾತಾಡು ಅಂತ ನನ್ ಮಗಳನ್ನ ಕ್ಲಾಸಲ್ಲಿ ನಿಲ್ಲಿಸಿದ್ರಂತಲ್ಲ ನೀವು?"

"ಬೇಳೆ ಬೇಕು!" ಎಂದು ಸಾವಿತ್ರಮ್ಮ ಗುಡುಗಿದರು.

"ಹಂಗೆ ಬನ್ನಿ ದಾರಿಗೆ! ತಗೊಳ್ಳಿ. ಸೋಮವಾರ ಕದಿರಮ್ಮನ ಮನೆ ಕಾಳು. ಬಂದು ಕೂರ್ಬೇಕು. ಮುಯ್ಯಿ."

ಭಾನುವಾರದ ಸಾರು ಸೊಗಡಿನಿಂದ ಘಮಗುಟ್ಟಿತು. ಬೀಗಿತ್ತಿ ಎರಡನೆಯ ಸಲವೂ ಬಡಿಸಿಕೊಂಡರು.

"ಎಲ್ಲಾ ಒಬ್ರೇ ಮಾಡಿದ್ರಾ?"

"ಸಾರು ಕುದಿಸಿದ್ದು ನಾನೊಬ್ಬಳೇ" ಎಂದರು ಸಾವಿತ್ರಮ್ಮ. ಅಕ್ಷರಶಃ ಸತ್ಯ.

"ಬೇಳೆ ಎಷ್ಟು ಶುಭ್ರವಾಗಿದೇರೀ! ಮಷಿನ್ನಿಗೆ ಹಾಕಿದ ಹಾಗೆ!"

ಸತ್ಯಮೂರ್ತಿಯವರಿಗೆ ನೆತ್ತಿಗೆ ಹತ್ತಿ, ಎದ್ದು ಹಿತ್ತಲಿಗೆ ಓಡಬೇಕಾಯಿತು.

ಸೋಮವಾರ ಸಾವಿತ್ರಮ್ಮ ಜಗಲಿಯಲ್ಲಿ ಕೂತು ಕದಿರಮ್ಮನ ಕಾಳು ಹಿತುಕಿದರು. ಬೇಳೆ ಸಿಡಿದು ಯಾರ್ಯಾರ ಮೂಗಿಗೋ ಹೊಡೆಯಿತು. "ಜಸ್ಟ್ ಪಾಸು" ಎಂದು ಆದಿಲಕ್ಷ್ಮಮ್ಮ ಫಲಿತಾಂಶ ಪ್ರಕಟಿಸಿದರು. ಮುಯ್ಯಿ ತೀರಿತು, ಹಂಗು ಹರಿಯಿತು. ಮಧುಸೂದನ್ ಬಂದು ಮಷಿನ್ನಿನ ಹೊಟ್ಟೆ ತೊಳೆದು ಹೋದ. ಆದರೂ ಸತ್ಯಮೂರ್ತಿಯವರ ಬನಿಯನ್ನುಗಳಿಂದ ಆಗಾಗ ಒಂದೊಂದು ಬೇಳೆ ಉದುರುತ್ತಿತ್ತು. ಇನ್ನು ಯಾರಿಗೂ ಏನೂ ಬಾಕಿಯಿಲ್ಲ ಎಂದು ಸಾವಿತ್ರಮ್ಮ ಮೊದಲಿನಂತೆಯೇ ತಲೆಯೆತ್ತಿ ಓಡಾಡಿದರು.

ಬುಧವಾರ ಸಂಜೆ ಹಾಲು ಕಾಯಿಸಿ ಆರಲಿಟ್ಟರು. ಮೂಲೆಯಿಂದ ಸಣ್ಣದೊಂದು ಬಟ್ಟಲು ತೆಗೆದು, ಸೆರಗಿನಲ್ಲಿ ಒರೆಸಿ, ಬಾಗಿಲ ಕಡೆ ನಡೆದರು.

"ಎಲ್ಲಿಗೆ ಹೊರಟೆ?"

"ಹೆಪ್ಪು ಕೇಳಿ ತರ್ತೀನಿ."

"ಅಯ್ಯೋ, ಫ್ರಿಜ್ಜಲ್ಲಿ ಪಾತ್ರೆ ತುಂಬಾ ಮೊಸರಿದೆಯಲ್ಲೇ!"

"ಇದೆ. ಗೊತ್ತು. ಅದನ್ನ ತಿನ್ಕೊಂಡು ತೆಪ್ಪಗಿರಿ" ಎಂದು ಸಾವಿತ್ರಮ್ಮ ಹೊರಗೆ ಹೋಗಿ, ಆದಿಲಕ್ಷ್ಮಮ್ಮನ ಬಾಗಿಲು ತಟ್ಟಿದರು.