ಊರ ಅಳಿಯನ ಮಾವಿನ ಸಂಶೋಧನೆ

ಪರಿಪೂರ್ಣವಾದ ಸಂಶೋಧನೆ ಈ ಲೋಕದಲ್ಲಿ ಸಾಧ್ಯವಿಲ್ಲ ಎಂದು ದೊಡ್ಡ ದೊಡ್ಡ ವಿದ್ವಾಂಸರು ಹೇಳಿದಾಗ ನನಗೆ ನಗು ಬರುತ್ತಿತ್ತು. ಪಾಪ, ಅವರಿಗೆ ಗೊತ್ತಿರಲಿಲ್ಲ. ನಾನು ಆಗಲೇ ಒಂದನ್ನು ಮಾಡಿ ಮುಗಿಸಿದ್ದೆ!

ಇದು ಮೂವತ್ತರ ದಶಕದ ಮಾತು. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ನಾನು ಕಾರವಾರದ ಶಾಲೆಯೊಂದರಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಧಾರವಾಡದ ಪ್ರೊಫೆಸರರೊಬ್ಬರು ಬೇಸಿಗೆ ರಜೆಗೆ ಸಮುದ್ರದ ಗಾಳಿ ಸೇವಿಸಲು ಬರುವವರಿದ್ದರು. ನಮ್ಮ ವಾಚನಾಲಯದಲ್ಲಿ ಯಾರಾದರೂ ಒಳ್ಳೆಯ ಸಂಶೋಧನಾ ಪ್ರಬಂಧ ಓದಿದರೆ ಅದನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದಾಗಿ ಅವರು ಮೊದಲೇ ತಿಳಿಸಿದ್ದರು.

ಅಚ್ಚಿನಲ್ಲಿ ನನ್ನ ಹೆಸರು! ಆ ಆಸೆ ನನಗೆ ಎಷ್ಟು ಹಳೆಯದೆಂದರೆ, ಮದುವೆಯ ಆಸೆಗಿಂತಲೂ ಹಳೆಯದು. ಅದಕ್ಕಾಗಿ ಹಿಂದೆ ಕಡಲಿನ ಭರತ ಇಳಿತಗಳ ಮೇಲೆ ಬರೆಯಲು ಹೊರಟಿದ್ದೆ, ಸಿಗಡಿಯ ಮೀಸೆಯ ಮೇಲೆ ಬರೆಯಲು ಹೊರಟಿದ್ದೆ. ಎಲ್ಲೋ ಒಂದು ಸಣ್ಣ ಕೊರತೆ ಕಂಡಕೂಡಲೇ ಬಿಟ್ಟುಬಿಡುತ್ತಿದ್ದೆ. ಒಂದು ತೂತಿದ್ದರೂ ಅದು ಸಂಶೋಧನೆಯೇ ಅಲ್ಲ ಎಂಬುದು ನನ್ನ ಸಿದ್ಧಾಂತ. ನನ್ನ ಸಹೋದ್ಯೋಗಿ ರಾಮದಾಸ ಮಾಸ್ತರರು ಗಣಿತ ಕಲಿಸುವವರು. ನನ್ನನ್ನು ಕಂಡಾಗಲೆಲ್ಲ, "ಅರೇ ಸಂಶೋಧಕರೇ, ಈ ವರ್ಷ ಯಾವುದನ್ನು ಅರ್ಧಕ್ಕೆ ಬಿಟ್ರಿ?" ಎಂದು ಕೇಳುತ್ತಿದ್ದರು. ಒಂದು ದಿನ ಎಲ್ಲ ಮಾಸ್ತರರ ಎದುರು ಎದ್ದು ನಿಂತು ಪ್ರತಿಜ್ಞೆ ಮಾಡಿದೆ. "ಈ ಸಲ ಅಚ್ಚಾಗದಿದ್ದರೆ ಇನ್ನು ಸಂಶೋಧನೆ ಎಂಬ ಶಬ್ದವನ್ನೇ ಎತ್ತುವುದಿಲ್ಲ!"

ವಿಷಯ ಸಿದ್ಧವಾಗಿತ್ತು. ನನ್ನ ಹೆಂಡತಿ ಶಾರದೆಯ ತವರು ಅಂಕೋಲೆಯ ಹತ್ತಿರದ ಹಳ್ಳಿ. ಅಲ್ಲಿನ ಕರಿ ಇಶಾಡ ಮಾವಿನ ಹಣ್ಣನ್ನು ತಿಂದವರಿಗೆ ವರ್ಣನೆ ಬೇಡ, ತಿನ್ನದವರಿಗೆ ವರ್ಣಿಸಿ ಪ್ರಯೋಜನವಿಲ್ಲ. ಹಿಂದಿನ ಬೇಸಿಗೆಯಲ್ಲಿ ಮಾವನ ಮನೆಯ ಜಗುಲಿಯಲ್ಲಿ ಕುಳಿತು ಒಂದು ಹಣ್ಣು ತಿಂದೆ, ಬಹಳ ಸಿಹಿ. ಇನ್ನೊಂದು ತಿಂದೆ, ಸ್ವಲ್ಪ ಕಡಿಮೆ. ತಕ್ಷಣ ಹೊಳೆಯಿತು: ಮರದ ಕಡಲ ಕಡೆಯ ಕೊಂಬೆಗೆ ಉಪ್ಪುಗಾಳಿ ಬೀಸುತ್ತದೆ, ಗುಡ್ಡದ ಕಡೆಯ ಕೊಂಬೆಗೆ ಬೀಸುವುದಿಲ್ಲ. ಆದ್ದರಿಂದ ಕಡಲ ಕಡೆಯ ಹಣ್ಣೇ ಹೆಚ್ಚು ಸಿಹಿ! ಆ ಹಣ್ಣುಗಳು ಯಾವ ಕೊಂಬೆಯವು ಎಂದು ಮಾತ್ರ ನಾನು ಕೇಳಿರಲಿಲ್ಲ. ಸಿದ್ಧಾಂತ ಅಷ್ಟು ಚೆನ್ನಾಗಿತ್ತು!

ಸಾಕ್ಷ್ಯ ಸಂಗ್ರಹಕ್ಕಾಗಿ ಕೊಡೆ ಹಿಡಿದು, ಮೋಟಾರು ಹತ್ತಿ ಅಂಕೋಲೆಗೆ ಹೋದೆ. ಮಾವ ವೆಂಕಣ್ಣನವರು ಅಂಗಳದಲ್ಲೇ ನಿಂತಿದ್ದರು. ಕಾಲಿಗೆ ನೀರು, ಕುಡಿಯಲು ಮುರುಗಲ ಹಣ್ಣಿನ ಪಾನಕ ಬಂತು. "ಮರ ಚೆನ್ನಾಗಿ ಬಿಟ್ಟಿದೆಯಲ್ಲ, ಮಾವ?" ಎಂದು ಕೇಳಿದೆ.

"ಹೌದ್ ಹೌದು, ಅಳಿಯಂದ್ರೇ. ಮತ್ತೆಂತಾ? ಇನ್ನೊಂದ್ ಲೋಟ ಪಾನಕ ತಕಳಿ" ಎಂದರು ಅವರು.

ಆಮೇಲೆ ಮನೆಮನೆ ಸುತ್ತಿದೆ. ಎಲ್ಲರೂ ನನ್ನನ್ನು 'ಭಾವ' ಎನ್ನುವವರೇ. "ಕಡಲ ಕಡೆಯ ಕೊಂಬೆಯ ಹಣ್ಣು ಹೆಚ್ಚು ಸಿಹಿ, ಅಲ್ಲವೇ?" ಎಂದು ಗಂಭೀರವಾಗಿ ಕೇಳಿದೆ.

"ಹೌದು ಭಾವ, ಖರೇ ಮಾತು!"

"ಅದಕ್ಕೆ ಉಪ್ಪುಗಾಳಿಯೇ ಕಾರಣ, ಅಲ್ಲವೇ?"

"ಮತ್ತೆಂತದು ಭಾವ? ಅದೇಯಾ!"

ಒಬ್ಬರಾದರೂ ಇಲ್ಲವೆನ್ನಲಿಲ್ಲ. ಊರಿಗೆ ಊರೇ ಒಂದೇ ಮಾತು! ಇಂಥ ಒಮ್ಮತದ ಸಾಕ್ಷ್ಯ ಯಾವ ದೇಶದ ಸಂಶೋಧಕನಿಗೆ ಸಿಕ್ಕೀತು? ಕಾರವಾರಕ್ಕೆ ಮರಳಿ ಶಾರದೆಗೆ ವರದಿ ಒಪ್ಪಿಸಿದೆ. ಅವಳು ತೆಂಗಿನಕಾಯಿ ತುರಿಯುತ್ತಿದ್ದಳು.

"ನಿಮ್ಗೆ ಇಲ್ಲ ಹೇಳೂರು ಯಾರು?" ಎಂದಳು. "ನೀವು ಊರ ಅಳಿಯ. ಮಾವಿನಹಣ್ಣು ಸಮುದ್ರದಲ್ಲಿ ಬಲೆ ಹಾಕಿ ಹಿಡಿಯೂದು ಅಂದ್ರೂ ಹೌದು ಭಾವ ಅಂತಾರೆ."

"ನಿನ್ನ ಅನುಮಾನಕ್ಕೆ ಆಧಾರವೇನು?"

"ನಾ ಆ ಊರ್ನಲ್ಲೇ ಹುಟ್ಟಿದ್ದು!"

ಇದು ಶಾಸ್ತ್ರೀಯ ಆಧಾರವಲ್ಲವೆಂದು ತೀರ್ಪು ಕೊಟ್ಟೆ. ಆ ದಿನ ಊಟಕ್ಕೆ ಸಾರು ತಣ್ಣಗಿತ್ತು.

ಸಭೆಯ ದಿನ ಬಂತು. ಬರೀ ಮಾತು ಸಾಲದೆಂದು ಮಾವನಿಗೆ ಮೊದಲೇ ಹೇಳಿ ಕಳಿಸಿದ್ದೆ: ಒಂದೇ ಮರದಿಂದ ಎರಡು ಬುಟ್ಟಿ ಹಣ್ಣು ಬರಬೇಕು, ಕಡಲ ಕಡೆಯ ಬುಟ್ಟಿಗೆ ಕೆಂಪು ಬಟ್ಟೆ ಕಟ್ಟಬೇಕು. ಮಾವ ಖುದ್ದಾಗಿ ಬುಟ್ಟಿಗಳ ಸಮೇತ ಬಂದಿಳಿದರು. ತಲೆಗೆ ಹೊಸ ರುಮಾಲು. ವಾಚನಾಲಯದ ಹಿಂದಿನ ಕೋಣೆಯಲ್ಲಿ ತಾವೇ ಕುಳಿತು ಹಣ್ಣು ಹೆಚ್ಚಿ ಎರಡು ತಟ್ಟೆಗಳಲ್ಲಿ ಇಟ್ಟರು. ಎರಡರ ಬಣ್ಣವೂ ಬೇರೆ ಬೇರೆ ಇತ್ತು. ನೋಡಿದೆನೇ? ನೋಡಿದೆ. ಗಾಳಿಯಿಂದ ಬಣ್ಣವೂ ಬದಲಾಗುತ್ತದೆ ಎಂದು ಪ್ರಬಂಧದಲ್ಲಿ ಆಗಿಂದಾಗಲೇ ಒಂದು ವಾಕ್ಯ ಸೇರಿಸಿದೆ!

ಪ್ರಬಂಧ ಓದಿದೆ. ಕೊನೆಗೆ ತಟ್ಟೆಗಳು ಬಂದವು. ಪ್ರೊಫೆಸರರು ಗುಡ್ಡದ ಕಡೆಯ ಹೋಳನ್ನು ಬಾಯಿಗಿಟ್ಟರು. ಅವರ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು, ಭುಜ ಕಿವಿಯ ತನಕ ಏರಿತು. ಆಮೇಲೆ ಕಡಲ ಕಡೆಯ ಹೋಳು ತಿಂದರು. ಮುಖ ಅರಳಿತು, ಕೈ ಮತ್ತೆ ತಟ್ಟೆಗೇ ಹೋಯಿತು. ಚಪ್ಪಾಳೆಯೋ ಚಪ್ಪಾಳೆ! ರಾಮದಾಸ ಮಾಸ್ತರರೂ ತಟ್ಟಿದರು. ನನಗೆ ನೆಲವೇ ಕಾಣಲಿಲ್ಲ.

"ಆಶ್ಚರ್ಯ!" ಎಂದರು ಪ್ರೊಫೆಸರರು ಮಾವನ ಕಡೆ ತಿರುಗಿ. "ಒಂದೇ ಮರದಲ್ಲಿ ಇಷ್ಟು ವ್ಯತ್ಯಾಸವೇ, ಯಜಮಾನರೇ? ಪ್ರತಿ ವರ್ಷವೂ ಹೀಗೆಯೋ?"

ಮಾವ ಎದ್ದು ಕೈ ಮುಗಿದರು. "ಅಯ್ಯೋ ಸಾಹೇಬ್ರೇ, ನಮ್ಮ ಮರ ಈ ವರ್ಷ ಹೂವೇ ಬಿಡ್ಲಿಲ್ಲ!"

ಎಲ್ಲರೂ ಮಾವನ ಕಡೆಗೇ ತಿರುಗಿದರು. ಮಾವನಿಗೆ ಅದು ಪ್ರೋತ್ಸಾಹವೆನಿಸಿರಬೇಕು, ಸ್ವರ ಏರಿಸಿದರು. "ಕೆಂಪು ಬಟ್ಟೇದು ನೆರೆಮನೆ ಇಶಾಡ. ಆದ್ರೆ ಆ ಹುಳಿ ಹಣ್ಣು ಇತ್ತಲ್ಲ, ಅದ್ಕೆ ಭಾರೀ ತಿರುಗಾಡಿದ್ದೆ! ಊರಲ್ಲಿ ಎಲ್ಲಾ ಸಿಹಿ ಮರವೇಯಾ. ಕಡೆಗೆ ಗುಡ್ಡದ ಮೇಲೆ ಒಂದು ಕಾಡುಮಾವು ಸಿಕ್ತು, ಮಂಗನೂ ಮುಟ್ಟೂದಿಲ್ಲ ಅದ್ನ. ನಮ್ಮ ಅಳಿಯಂದ್ರ ಮಾತು ನಾಲ್ಕು ಜನರ ಎದುರಿಗೆ ಸುಳ್ಳಾಗೂಕೆ ನಾ ಬಿಡ್ತ್ನಾ?"

ಮುಂದಿನದನ್ನು ಹೇಳುವುದು ಬೇಡ. ರಾಮದಾಸ ಮಾಸ್ತರರು ನಕ್ಕು ನಕ್ಕು ಬೆಂಚಿನಿಂದ ಜಾರಿ ಕೆಳಗೆ ಬಿದ್ದರು ಎಂದರೆ ಸಾಕು.

ನನಗೆ ಮೈಯೆಲ್ಲ ಉರಿದುಹೋಯಿತು. ಮಾವನಿಗೆ ನಾಲ್ಕು ಮಾತು ಅನ್ನಬೇಕೆಂದು ತಿರುಗಿದೆ. ಜನ ಯಾಕೆ ನಗುತ್ತಿದ್ದಾರೆಂದು ಅವರಿಗೆ ಅಷ್ಟರಲ್ಲಿ ಅರ್ಥವಾಗಿತ್ತು. ಹೊಸ ರುಮಾಲನ್ನು ತೆಗೆದು ಕೈಯಲ್ಲಿ ಹಿಡಿದು, ನನ್ನ ಮುಖ ನೋಡಲಾರದೆ ನೆಲ ನೋಡುತ್ತಿದ್ದರು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಈ ಮುದುಕರು ಬಿಸಿಲಲ್ಲಿ ಗುಡ್ಡ ಹತ್ತಿದ್ದು ನನ್ನ ಮಾನ ಉಳಿಸಲು. ನಾನಾದರೋ ಜಗುಲಿಯಲ್ಲಿ ಪಾನಕ ಕುಡಿಯುತ್ತಾ ಮರದ ಮೇಲೆ ಮಹಾಪ್ರಬಂಧ ಬರೆದವನು. ಹಿತ್ತಿಲಿಗೆ ಹೋಗಿ ಒಮ್ಮೆ ತಲೆ ಎತ್ತಿ ಆ ಮರವನ್ನು ನೋಡಿರಲಿಲ್ಲ!

ಅವರ ಪಕ್ಕದಲ್ಲಿ ಹೋಗಿ ನಿಂತೆ. "ಮಹನೀಯರೇ, ತಪ್ಪು ಇವರ ಬುಟ್ಟಿಯದಲ್ಲ, ನನ್ನ ಪ್ರಶ್ನೆಯದು. ಈ ಪ್ರಬಂಧವನ್ನು ಹಿಂದೆ ಪಡೆಯುತ್ತೇನೆ" ಎಂದೆ.

ಪ್ರೊಫೆಸರರು ನಗುತ್ತಿರಲಿಲ್ಲ, ಸಿಹಿ ಹೋಳು ತಿನ್ನುತ್ತಿದ್ದರು. "ಯಾಕೆ ಹಿಂದೆ ಪಡೆಯುತ್ತೀರಿ? ತೂತಿಲ್ಲದ ಸಂಶೋಧನೆಯನ್ನು ನಾನೂ ಇನ್ನೂ ಕಂಡಿಲ್ಲ" ಎಂದರು. "ತೂತು ಎಲ್ಲಿದೆಯೆಂದು ತೋರಿಸಿಟ್ಟರೆ ಮುಂದೆ ಬರುವವನು ಅದರಲ್ಲಿ ಕಾಲು ಹಾಕುವುದಿಲ್ಲ. ಅದೂ ಒಂದು ಉಪಕಾರವೇ. ಹೋಗಿ, ಅದೇ ಜನರ ಹತ್ತಿರ ಉಲ್ಟಾ ಪ್ರಶ್ನೆ ಕೇಳಿ ಬನ್ನಿ, ನೋಡೋಣ."

ಈ ಸಲ ಅರ್ಧಕ್ಕೆ ಬಿಟ್ಟರೆ ನಾನು ನಾನಲ್ಲ! ಮರುದಿನವೇ ಮೋಟಾರು ಹತ್ತಿದೆ. ಅದೇ ಮನೆ, ಅದೇ ಜಗುಲಿ. "ಗುಡ್ಡದ ಕಡೆಯ ಹಣ್ಣೇ ಹೆಚ್ಚು ಸಿಹಿ, ಅಲ್ಲವೇ?"

"ಹೌದು ಭಾವ, ಖರೇ ಮಾತು!"

"ಮೊನ್ನೆ ಕಡಲ ಕಡೆಯದು ಎಂದಿರಲ್ಲ?"

"ಅದೂ ಹೌದು, ಭಾವ!"

ಮರುವರ್ಷ ಮಾವನ ಮರ ಕಾಯಿ ಬಿಟ್ಟಿತು. ಈ ಬಾರಿ ಹಿತ್ತಿಲಿಗೆ ಹೋಗಿ, ಕುತ್ತಿಗೆ ನೋಯುವ ತನಕ ತಲೆ ಎತ್ತಿ ನೋಡಿ ಖಾತ್ರಿ ಮಾಡಿಕೊಂಡೆ. ಪ್ರಶ್ನೆ ಕೇಳುವ ಕೆಲಸವನ್ನು ಶಾರದೆಗೆ ಒಪ್ಪಿಸಿದೆ. ಊರ ಅಳಿಯನಿಗೆ ಯಾರೂ ಎದುರಾಡುವುದಿಲ್ಲ. ಊರ ಮಗಳಿಗೆ ಎಲ್ಲರೂ ಎದುರಾಡುತ್ತಾರೆ! "ಕಡಲ ಬದಿದು ಸಿಹಿಯಾ?" ಎಂದು ಅವಳು ಕೇಳುವುದೇ ತಡ, "ನಿಂಗೆಂತಾ ಮಳ್ಳಾ?" ಎಂದು ಒಬ್ಬರು, "ತುದಿ ಹಣ್ಣೇ ಸಿಹಿ" ಎಂದು ಇನ್ನೊಬ್ಬರು, "ಹುಲ್ಲಲ್ಲಿಟ್ಟು ಹಣ್ಣು ಮಾಡೂದ್ರಲ್ಲಿ ಇರ್ತದೆ ಎಲ್ಲಾ" ಎಂದು ಮತ್ತೊಬ್ಬರು. ಜಗಳವೇ ಆಯಿತು. ನನಗೆ ಆನಂದ! ಆಮೇಲೆ ಅವಳ ಕಣ್ಣಿಗೆ ಬಟ್ಟೆ ಕಟ್ಟಿ ಎರಡೂ ಕಡೆಯ ಹೋಳು ತಿನ್ನಿಸಿದೆ. ಒಮ್ಮೆ ಇದು ಸಿಹಿ ಎಂದಳು, ಒಮ್ಮೆ ಅದು. ಕೊನೆಗೆ, "ಎರಡೂ ಸಿಹಿಯೇಯಾ. ಈಗ ಬಟ್ಟೆ ಬಿಚ್ಚಿ, ಅಡುಗೆ ಕೆಲ್ಸ ಇದೆ" ಎಂದಳು.

ಅಷ್ಟನ್ನೂ ಇದ್ದದ್ದು ಇದ್ದಂತೆ ಬರೆದೆ, ಕಾಡುಮಾವಿನ ಬುಟ್ಟಿಯ ಸಮೇತ. ಗಾಳಿಯ ವಿಷಯ ಏನೂ ಸಿದ್ಧವಾಗಲಿಲ್ಲ, ಅಳಿಯನಾದವನು ಮಾವನ ಊರಲ್ಲಿ ಸಾಕ್ಷ್ಯ ಕೇಳಬಾರದು ಎಂಬುದಷ್ಟೇ ಸಿದ್ಧವಾಯಿತು ಎಂದು ಮುಗಿಸಿದೆ. ತೂತೇ ಹೆಚ್ಚು, ಬಟ್ಟೆ ಕಡಿಮೆ! ಆದರೂ ಅಚ್ಚಾಯಿತು. ಪತ್ರಿಕೆಯ ಕೊನೆಯ ಪುಟದ ಮೂಲೆಯಲ್ಲಿ, ಆದರೆ ನನ್ನ ಹೆಸರಿನೊಂದಿಗೆ. ರಾಮದಾಸ ಮಾಸ್ತರರು ಅದನ್ನು ಮೂರನೆಯ ಸಲ ಓದುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡೆ.

ಪತ್ರಿಕೆಯನ್ನು ಅಂಕೋಲೆಗೆ ಒಯ್ದು ಜಗುಲಿಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಕಡಲ ಕಡೆ, ಗುಡ್ಡದ ಕಡೆ ಎಂಬ ಭೇದಕ್ಕೆ ಆಧಾರವಿಲ್ಲ ಎಂಬ ಸಾಲನ್ನು ಎರಡು ಬಾರಿ ಓದಿದೆ. ಮಾವ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ಯಾರೆಂತಾ ಬೇಕಾರೂ ಬರ್ಕಳ್ಲಿ, ಅಳಿಯಂದ್ರೇ. ಕಡಲ ಬದಿ ಹಣ್ಣೇ ಸಿಹಿ ಅಂತ ನೀವು ಮೊದ್ಲು ಹೇಳಿದ್ರಲ್ಲ, ಅದೇ ಖರೇ. ಅಲ್ದಾ?"

ಬಾಗಿಲ ಹಿಂದೆ ನಿಂತ ಶಾರದೆ ನನ್ನನ್ನೇ ನೋಡುತ್ತಿದ್ದಳು. ನನ್ನ ಕೈಯಲ್ಲಿ ಅಚ್ಚಾದ ಸತ್ಯವಿತ್ತು, ಕೆಳಗೆ ನನ್ನದೇ ಹೆಸರಿತ್ತು.

"ಹೌದು ಮಾವ, ಖರೇ ಮಾತು!" ಎಂದೆ.